ಬೆಳ್ಳಿ ಎಲ್ಲಿ ಹೋಯ್ತು? ಹಳದಿ ಪುಡಿ ಕೆರೆದು ನೋಡಿ

ಸಲ್ಫೈಡ್ ಅದಿರನ್ನು (ಲೋಹ ಗಂಧಕದ ಜೊತೆ ಸೇರಿರುವ ಅದಿರು) ಬ್ಯಾಕ್ಟೀರಿಯಾದಿಂದ ಕರಗಿಸಿದಾಗ ತಾಮ್ರ, ಸತು ದ್ರಾವಣಕ್ಕೆ ಬರುತ್ತವೆ, ಬೆಳ್ಳಿ ಬರುವುದು ಅಪರೂಪ. ಮೊದಲ ಸಲ ನಾನು ದ್ರಾವಣವನ್ನಷ್ಟೇ ಪರೀಕ್ಷಿಸಿ 'ಬೆಳ್ಳಿ ಇಲ್ಲ' ಅಂತ ಬರೆದುಬಿಟ್ಟಿದ್ದೆ. ಅದು ಫ್ಲಾಸ್ಕಿನ ಗೋಡೆಗೆ ಅಂಟಿದ್ದ, ಕಬ್ಬಿಣದ ಹಳದಿ ಲವಣವಾದ ಜರೋಸೈಟ್‌ನೊಳಗೆ ಆರಾಮಾಗಿ ಕೂತಿತ್ತು.

250 ಮಿ.ಲೀ. ಫ್ಲಾಸ್ಕಿಗೆ 100 ಮಿ.ಲೀ. 9ಕೆ ಮಾಧ್ಯಮ (ಬ್ಯಾಕ್ಟೀರಿಯಾ ಬೆಳೆಸುವ, ಕಬ್ಬಿಣದ ಲವಣವಿರುವ ಪೋಷಕ ದ್ರಾವಣ), 5 ಗ್ರಾಂ ನುಣ್ಣಗೆ ಅರೆದ ಅದಿರು, ಆಮೇಲೆ ಕಬ್ಬಿಣವನ್ನು ಉತ್ಕರ್ಷಿಸುವ ಫೆರೊಆಕ್ಸಿಡಾನ್ಸ್ ಬ್ಯಾಕ್ಟೀರಿಯಾ ಹಾಕಿ 30 ಡಿಗ್ರಿಯಲ್ಲಿ ಅಲುಗಾಡಿಸುತ್ತಿರಿ. ಮಾಧ್ಯಮದ ಪಟ್ಟಿಯಲ್ಲಿರುವ ಪೊಟ್ಯಾಸಿಯಂ ಕ್ಲೋರೈಡ್ ಮಾತ್ರ ಬೇಡ. ಕ್ಲೋರೈಡ್ ಸಿಕ್ಕರೆ ಬೆಳ್ಳಿ ಬಿಳಿ ಪುಡಿಯಾಗಿ ತಳ ಸೇರುತ್ತದೆ, ಪೊಟ್ಯಾಸಿಯಂ ಜರೋಸೈಟ್‌ಗೆ ಮೇವು.

ದಿನಾ ಬೆಳಿಗ್ಗೆ ಪಿಎಚ್ ನೋಡಿ. 1.8 ದಾಟಿದರೆ ಗಂಧಕಾಮ್ಲ ಹನಿಸಿ. ದ್ರಾವಣ ಕೆಂಗಂದು ಬಣ್ಣಕ್ಕೆ ತಿರುಗದೆ ತಿಳಿಹಸಿರಾಗಿಯೇ ಉಳಿದರೆ ಕರಗಿದ ಬೆಳ್ಳಿ ಬ್ಯಾಕ್ಟೀರಿಯಾಕ್ಕೆ ವಿಷವಾಗಿರಬಹುದು. ಅದೇ ಅದಿರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಒಗ್ಗಿಸಿ. ಅದಿರಿನಲ್ಲಿ ಚಾಲ್ಕೊಪೈರೈಟ್ (ತಾಮ್ರ-ಕಬ್ಬಿಣದ ಸಲ್ಫೈಡ್) ಇದ್ದರೆ ಮಾತ್ರ ಚೂರು ಬೆಳ್ಳಿ ಒಳ್ಳೆಯದೇ, ತಾಮ್ರ ಬೇಗ ಬಿಡುತ್ತದೆ.

ಕೊನೆಗೆ ಶೇಷವನ್ನೂ ಗೋಡೆಯ ಪುಡಿಯನ್ನೂ ಕೆರೆದು ಬೆಳ್ಳಿ ಅಳೆಯಿರಿ. ಜರೋಸೈಟ್‌ನೊಳಗಿನದು ಬೆಳ್ಳಿ ಕರಗಿಸಲು ಬಳಸುವ ಸಯನೈಡಿಗೆ ಸುಲಭಕ್ಕೆ ಬಗ್ಗದು. ಮೊದಲು ಸುಣ್ಣದ ನೀರಿನಲ್ಲಿ 90 ಡಿಗ್ರಿ ಆಸುಪಾಸು ಕಾಯಿಸಿ, ಹಳದಿ ಹೋಗಿ ಕಂದು ಆಗುವವರೆಗೆ.