ಹೈಸ್ಕೂಲು ಮಕ್ಕಳ ಪಠ್ಯೇತರ ಚಟುವಟಿಕೆ: ಆರಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಎಂಟನೆಯ ತರಗತಿಗೆ ಬಂದ ಮಗುವನ್ನು ಯಾವ ಚಟುವಟಿಕೆಗೆ ಸೇರಿಸಬೇಕೆಂದು ನಿರ್ಧರಿಸುವ ಮೊದಲು, ಶಾಲೆಯಲ್ಲಿ ಅದಕ್ಕೆ ಆಪ್ತರು ಯಾರಿದ್ದಾರೆಂದು ವಿಚಾರಿಸಿರಿ. ಹದಿಹರೆಯದ ಮನಸ್ಸಿಗೆ ಬಹುಮಾನಕ್ಕಿಂತ ಹೆಚ್ಚು ಆಸರೆಯಾಗುವುದು ವಾರವಾರವೂ ಕೂಡುವ ಒಂದು ತಂಡ ಮತ್ತು ಹೆಸರು ಹಿಡಿದು ಕರೆಯುವ ಒಬ್ಬ ಗುರು. ಆದ್ದರಿಂದ ಒಂದು ದಿನಕ್ಕೆ ಮುಗಿಯುವ ಸ್ಪರ್ಧೆಗಳಿಗಿಂತ ವರ್ಷವಿಡೀ ನಡೆಯುವ ಅಭ್ಯಾಸವನ್ನು, ಅದರಲ್ಲಿಯೂ ಒಂದನ್ನೇ, ಆರಿಸುವುದು ಮೇಲು.

ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ನಡೆಸುವ ಯಕ್ಷಗಾನ ತರಗತಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಹೆಜ್ಜೆ ಕಲಿತು ಒಟ್ಟಾಗಿ ರಂಗವೇರುತ್ತಾರೆ. ಮಾತನಾಡಲು ಅಂಜುವ ಮಗುವಿಗೆ ಪ್ರಧಾನ ವೇಷವೇ ಆಗಬೇಕೆಂದಿಲ್ಲ. ಅರ್ಥ, ಎಂದರೆ ಆಡುವ ಮಾತು, ಕಡಿಮೆಯಿರುವ ವೇಷವೋ, ಚೆಂಡೆ ಮದ್ದಳೆಯ ಕಲಿಕೆಯೋ, ಬಣ್ಣ ಹಚ್ಚುವ ಚೌಕಿಯಲ್ಲಿ ವೇಷಭೂಷಣ ಜೋಡಿಸುವ ಕೆಲಸವೋ ದೊರೆತರೂ ಆ ಮಗು ತಂಡದ ಭಾಗವೇ ಆಗುತ್ತದೆ. ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್, ವಾಲಿಬಾಲ್, ಕಬಡ್ಡಿ ಯಾವುದಾದರೂ ಸರಿ, ಆರಿಸುವವರು ಮಕ್ಕಳೇ ಆಗಿರಲಿ.

ವೇಳೆಯ ಲೆಕ್ಕವನ್ನು ಮಾತ್ರ ಹೆತ್ತವರು ಕಾಗದದ ಮೇಲೆ ಬರೆದೇ ನೋಡಬೇಕು. ಈ ವಯಸ್ಸಿನವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕು; ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ 6ಕ್ಕೆ ಏಳುವ ಮಗು 10ರೊಳಗೆ ಮಲಗಲೇಬೇಕು. ಸಂಜೆಯ ಅಭ್ಯಾಸ ಮುಗಿಸಿ, ಸರ್ವಿಸ್ ಬಸ್ಸಿಗೆ ಕಾದು, ಒಳಗಿನ ಹಳ್ಳಿಯ ಮನೆ ಸೇರುವಾಗ ಎಷ್ಟು ಹೊತ್ತಾಗುತ್ತದೆ, ಬಳಿಕ ಟ್ಯೂಷನ್ನಿಗೆ ಸಮಯ ಉಳಿಯುತ್ತದೆಯೇ ಎಂಬುದನ್ನು ನೋಡಿ, ಉಳಿಯದಿದ್ದರೆ ಟ್ಯೂಷನ್ನಿನ ದಿನಗಳನ್ನು ಕಡಿಮೆ ಮಾಡಿರಿ, ನಿದ್ರೆಯನ್ನು ಕಡಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮಳೆಗೆ ಮೈದಾನ ನೀರಿನಲ್ಲಿರುವುದರಿಂದ, ಆ ತಿಂಗಳುಗಳಲ್ಲಿ ಶಟಲ್ ಅಥವಾ ಟೇಬಲ್ ಟೆನಿಸ್‌ನಂತಹ ಒಳಾಂಗಣದ ಆಟವಿದೆಯೇ ಎಂದು ದೈಹಿಕ ಶಿಕ್ಷಕರನ್ನು ಮೊದಲೇ ಕೇಳಿಕೊಳ್ಳಿ.

ಮಗು ಏಕಾಏಕಿ "ಇನ್ನು ಹೋಗುವುದಿಲ್ಲ" ಎಂದರೆ ಸೋಮಾರಿತನವೆಂದು ಗದರಿಸಬಾರದು. ಹಿರಿಯ ವಿದ್ಯಾರ್ಥಿಗಳ ಕಾಟ, ಮೈಕಟ್ಟಿನ ಬಗ್ಗೆ ಹೀಯಾಳಿಕೆ, ತರಬೇತುದಾರರ ನಡತೆ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದಾದ್ದರಿಂದ, ಮಗು ಒಂಟಿಯಾಗಿರುವಾಗ ಸಾವಧಾನವಾಗಿ ಕೇಳಬೇಕು. ಊಟ, ನಿದ್ರೆ, ಗೆಳೆತನ ಎಲ್ಲದರಿಂದಲೂ ಎರಡು ವಾರ ಹಿಂದೆ ಸರಿದಿದ್ದರೆ ವೈದ್ಯರನ್ನು ಕಾಣಿರಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಎಸೆಸ್ಸೆಲ್ಸಿ ವರ್ಷ ಬಂತೆಂದು ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ರೂಢಿ ನಮ್ಮಲ್ಲಿ ಬಲವಾಗಿದೆ, ಅದು ನನಗೆ ಸರಿಕಾಣುವುದಿಲ್ಲ. ಓದಿನ ಒತ್ತಡ ಏರುವ ಹೊತ್ತಿನಲ್ಲಿಯೇ ಗೆಳೆಯರ ಜೊತೆಯನ್ನೂ ಮೈಬೆವರುವ ಆಟವನ್ನೂ ಕಳೆದುಕೊಂಡ ಮಗುವಿಗೆ ಉಳಿಯುವುದು ಮೊಬೈಲ್ ಮಾತ್ರ. ಪರವೂರಿನ ಪಂದ್ಯಗಳನ್ನೂ ರಾತ್ರಿಯ ಪ್ರದರ್ಶನಗಳನ್ನೂ ಬಿಡಿಸಿ, ವಾರಕ್ಕೆ ಎರಡು ಸಂಜೆಯ ಅಭ್ಯಾಸವನ್ನು ಪೂರ್ವಸಿದ್ಧತಾ ಪರೀಕ್ಷೆಯವರೆಗಾದರೂ ಉಳಿಸುವಂತೆ ತರಗತಿ ಶಿಕ್ಷಕರೊಡನೆ ಜೂನ್ ತಿಂಗಳಲ್ಲಿಯೇ ಮಾತನಾಡಿಕೊಳ್ಳಿ.