ಆಲ್ಪೈನ್‌ನಲ್ಲಿ ಮಾತ್ರ ಕುಸಿಯುತ್ತಿದ್ದ ರನ್‌ಟೈಮ್: ನನ್ನ ಅನುಭವ

ಪುಣೆಯ ಹಿಂಜವಡಿಯಲ್ಲಿ ನಾವು ಕೆಲವು ಕನ್ನಡಿಗರು ನಿರ್ವಹಿಸುವ ಸಣ್ಣ ಸ್ಕ್ರಿಪ್ಟಿಂಗ್ ಭಾಷೆಯ ರನ್‌ಟೈಮ್ (ಆ ಭಾಷೆಯ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ), ಉಬುಂಟುವಿನಲ್ಲಿ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗುತ್ತಿದ್ದರೂ ಆಲ್ಪೈನ್ ಲಿನಕ್ಸ್‌ನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ ದೋಷ) ಕೊಟ್ಟು ನಿಲ್ಲುತ್ತಿತ್ತು. ಕುಸಿದ ಕ್ಷಣದ ಮೆಮೊರಿಯ ಪ್ರತಿಯಾದ ಕೋರ್ ಡಂಪನ್ನು ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆದಾಗ, ಕೋಡನ್ನು ಓದಿ ಬಿಡಿಸುವ ಪಾರ್ಸರಿನ ಒಂದೇ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತ ಪುಟಗಟ್ಟಲೆ ಹರಡಿತ್ತು. ದೋಷದ ವಿಳಾಸ ಥ್ರೆಡ್‌ನ (ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ) ಸ್ಟ್ಯಾಕ್, ಅಂದರೆ ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ, ಮುಗಿದ ಕೂಡಲೇ ಬರುವ ಕಾವಲಿನ ಜಾಗವಾದ ಗಾರ್ಡ್ ಪೇಜ್‌ನಲ್ಲಿತ್ತು. "ಮೆಮೊರಿ ಕೆಟ್ಟಿಲ್ರಿ ಸರ, ಜಾಗಾನ ಸಾಲವಲ್ದು" ಎಂದರು ಧಾರವಾಡದ ಸಹೋದ್ಯೋಗಿ. ಅದೇ ನಿಜವಾಗಿತ್ತು.

ಅಳತೆ ಹೇಳದೆ ಥ್ರೆಡ್ ಸೃಷ್ಟಿಸಿದರೆ ಉಬುಂಟು ಬಳಸುವ ಸಿ ಲೈಬ್ರರಿಯಾದ ಜಿಲಿಬ್‌ಸಿ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಕೊಡುತ್ತದೆ. ಆಲ್ಪೈನ್ ಬಳಸುವ ಮಸಲ್ ಲೈಬ್ರರಿ ಕೊಡುವುದು 128 ಕೆಬಿ ಮಾತ್ರ. ಮ್ಯಾಕ್‌ಓಎಸ್‌ನಲ್ಲಿ ಮುಖ್ಯವಲ್ಲದ ಥ್ರೆಡ್‌ಗಳಿಗೆ 512 ಕೆಬಿ, ವಿಂಡೋಸ್‌ನಲ್ಲಿ 1 ಎಂಬಿ. ಹೀಗಾಗಿ ಥ್ರೆಡ್ ಸೃಷ್ಟಿಸುವಲ್ಲೆಲ್ಲ ಗುಣಲಕ್ಷಣಗಳ ಮೂಲಕ ಅಳತೆಯನ್ನು ನಾವೇ ನಿಗದಿಪಡಿಸಿದೆವು.

ಆದರೆ ಅಳತೆ ಹಿಗ್ಗಿಸಿದ್ದಷ್ಟೇ ಪರಿಹಾರವೆಂದು ನಾನು ಒಪ್ಪಲಿಲ್ಲ. ಕರೆಯೊಳಗೆ ಕರೆ ಇಷ್ಟೇ ಆಳಕ್ಕೆ ಹೋಗಬಹುದೆಂದು ಎಣಿಸುತ್ತಿದ್ದ ಹಳೆಯ ಮಿತಿಯನ್ನು ತೆಗೆದು, ಪ್ರತಿ ಕರೆಯಲ್ಲೂ ಈಗಿನ ಸ್ಟ್ಯಾಕ್ ವಿಳಾಸವನ್ನು ಅದರ ನಿಜವಾದ ಗಡಿಯೊಂದಿಗೆ ಹೋಲಿಸಿ, ಜಾಗ ಮುಗಿಯುವ ಮೊದಲೇ ಭಾಷೆಯದೇ ಎರರ್ ಎಸೆಯುವಂತೆ ಬದಲಿಸಿದೆವು. ವಿಂಡೋಸ್‌ನಲ್ಲಿ ಇನ್ನೊಂದು ಕಿರಿಕಿರಿ: ಥ್ರೆಡ್ ಸೃಷ್ಟಿಸುವಾಗ ರಿಸರ್ವೇಶನ್ ಫ್ಲ್ಯಾಗ್ (ಜಾಗವನ್ನು ಕಾಯ್ದಿರಿಸಿದರೆ ಸಾಕೆಂಬ ಸೂಚನೆ) ಸೇರಿಸದಿದ್ದರೆ ಕೇಳಿದ ಅಳತೆಯಷ್ಟು ಮೆಮೊರಿಯೂ ಆರಂಭದಲ್ಲೇ ಕಮಿಟ್ ಆಗುತ್ತದೆ, ಅಂದರೆ ಬಳಸುವ ಮೊದಲೇ ಲೆಕ್ಕಕ್ಕೆ ಸೇರುತ್ತದೆ.