ಸ್ಕ್ರೀನ್ ರೀಡರ್‌ ಕನ್ನಡ ಓದಿತು

ಪರಿಚಿತ ಸಂಘವೊಂದರ ವೆಬ್‌ಸೈಟ್ ನೋಡಲು ಚೆನ್ನಾಗೇ ಇತ್ತು. ಆದರೆ ಕಣ್ಣು ಕಾಣದ ಗೆಳೆಯ ಎನ್‌ವಿಡಿಎ (ಪರದೆಯಲ್ಲಿರೋದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ) ಹಾಕಿ ಕೇಳಿದರೆ, ‘ಪಿ’, ‘ಪೌಂಡ್’ ಅಂತ ಏನೇನೋ ಬಡಬಡಿಕೆ.

ಕಾರಣ ಹಳೆಯ ನುಡಿ ಫಾಂಟ್. ಅದರಲ್ಲಿ ಟೈಪ್ ಮಾಡಿದ್ದು ಒಳಗೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ‘ನ’ ಇರಬೇಕಾದ ಕಡೆ ಪೌಂಡ್ ಗುರುತು ಕೂತಿರುತ್ತದೆ. ಸ್ಕ್ರೀನ್ ರೀಡರ್ ವೇಷ ನೋಡೋದಿಲ್ಲ ಅಲ್ವಾ!

ಪುಟಗಳನ್ನೆಲ್ಲ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ಪದ್ಧತಿಗೆ, ಬದಲಿಸಿದೆ. ಅರ್ಕಾವತ್ತಿನ ಪದಗಳು ಅಲ್ಲಲ್ಲಿ ಕೆಟ್ಟಿದ್ದವು, ಕೈಯಿಂದಲೇ ತಿದ್ದಿದೆ. ಜಾಸ್ತಿ ಹೊತ್ತು ಹಿಡಿದಿದ್ದು ಇದೇ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಪುಟದ ಭಾಷೆ ಹೇಳುವ ಲ್ಯಾಂಗ್ ‘ಇಎನ್’ (ಇಂಗ್ಲಿಷ್) ಅಂತಿತ್ತು, ‘ಕೆಎನ್’ (ಕನ್ನಡ) ಮಾಡಿದೆ. ಈಗ ಎನ್‌ವಿಡಿಎಯಲ್ಲಿರುವ ಇಸ್ಪೀಕ್ ಎಂಬ ಯಂತ್ರದನಿ ಕನ್ನಡ ಓದುತ್ತದೆ. ಉಚ್ಚಾರ ಯಂತ್ರದ್ದೇ, ಆದರೆ ಅರ್ಥವಾಗುತ್ತದೆ. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್‌ಗಳು ಮಾತ್ರ ಇನ್ನೂ ಬಾಕಿ ಇವೆ.